ಎಡಗೈಯ ಐದು ಉಗುರುಗಳು

ಸಾವಿರದ ಒಂಬೈನೂರ ಅರವತ್ತೆರಡನೆಯ ಇಸವಿಯಲ್ಲಿ ಕೂಡ್ಲಿಗಿಯಲ್ಲಿ ಶಾಲಾ ಮಕ್ಕಳಿಗಾಗಿ ಕೈಬರಹದ ಸ್ಪರ್ಧೆಯೊಂದು ನಡೆಯಿತು. ಅದರಲ್ಲಿ ಗುಡೇಕೋಟೆಯ ಹನ್ನೊಂದು ವರ್ಷದ ನಾಗಲಿಂಗಮ್ಮ ಮೊದಲನೆಯವಳಾಗಿ ಬಂದಳು. ಆಕೆ ಹುಟ್ಟಿನಿಂದ ಎಡಚಿ. ಅದರ ಹಿಂದಿನ ಶ್ರಾವಣದ ಮೊದಲ ಸೋಮವಾರ ತಾಯಿ ಹಳೆಯ ಸೀರೆಯ ಅಂಚು ಹರಿದು ಮಗಳ ಎಡಗೈಯನ್ನು ಸೊಂಟಕ್ಕೆ ಕಟ್ಟಿದ್ದಳು. ಪೂರ್ತಿಯಾಗಿ ಬಿಚ್ಚಿದ್ದು ದೀಪಾವಳಿಗೆ. ಆ ಮೂರು ತಿಂಗಳಲ್ಲಿ ಬಲಗೈ ಉಣ್ಣುವುದನ್ನು ಕಲಿತಿತು, ಬಡಿಸುವುದನ್ನು ಕಲಿತಿತು, ಬರೆಯುವುದನ್ನು ಕಲಿತಿತು. ಮುಂದಿನ ಮೂರು ತಿಂಗಳಲ್ಲಿ ಬಹುಮಾನವನ್ನೂ ತಂದಿತು.

ಆ ಬಹುಮಾನಪತ್ರ ಕೊಟ್ಟೂರಿನಲ್ಲಿತ್ತು. ಆಕೆಯ ಮಗ ಗುರುಸಂಗಪ್ಪ ನಡೆಸುವ ಖಾನಾವಳಿಯಲ್ಲಿ, ಗಲ್ಲಾದ ಮೇಲಿನ ಗೋಡೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ ತೂಗುತ್ತಿತ್ತು. ಉಂಡು ಕೈ ತೊಳೆದು ತಿರುಗಿದವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅದೇ. ಯಾರಾದರೂ ಅದರತ್ತ ಕತ್ತೆತ್ತಿದರೆ ಸಾಕು, ಎಪ್ಪತ್ಮೂರು ವರ್ಷದ ನಾಗಲಿಂಗಮ್ಮ ಒಳಗಿನಿಂದ ಸೆರಗು ಸರಿಪಡಿಸಿಕೊಳ್ಳುತ್ತ ಬಂದು ನಿಲ್ಲುವರು.

"ಮೂರು ತಿಂಗಳು ನಮ್ಮವ್ವ ಕೈ ಕಟ್ಟಿದ್ಲು ನೋಡ್ರಿ. ಒಂದ ದಿನ ಅತ್ತಿಲ್ಲ ನಾನು. ಹಟ ಹಿಡಿದ್ರ ಯಾವ ಕೈ ಕಲಿಯಂಗಿಲ್ಲ?"

ಕೊನೆಯ ವಾಕ್ಯವನ್ನು ರೊಟ್ಟಿ ಎಣಿಸಿ ಒಟ್ಟುತ್ತಿದ್ದ ಮೊಮ್ಮಗಳು ಚಂದನಾ ತುಟಿಯಲ್ಲೇ ಅಜ್ಜಿಯ ಜೊತೆಗೆ ಹೇಳಿ ಮುಗಿಸುವಳು. ಮನೆಯಲ್ಲಿ ಎಲ್ಲರಿಗೂ ಆ ಕಥೆ ಬಾಯಿಪಾಠ.

ಚಂದನಾಳೂ ಎಡಚಿಯೇ. ಅಜ್ಜಿ ಆಕೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ತುತ್ತು ತುತ್ತಿಗೂ ಎಡಗೈಗೆ ಬಡಿದು ಬಲಗೈಯಲ್ಲಿ ಉಣ್ಣುವುದನ್ನು ಕಲಿಸಿದರು. ಬಡಿಸುವುದನ್ನೂ ಕಲಿಸಿದರು. ಬರೆಯುವ ಕಾಲಕ್ಕೆ ಸೀರೆಯ ಅಂಚು ಹರಿಯಲು ಹೋದಾಗ ಗುರುಸಂಗಪ್ಪ ಅಡ್ಡ ಬಂದ. "ಬರೀಲಿ ಬಿಡವ್ವಾ, ಪೆನ್ನಿಗೇನು ಮಡಿ ಮೈಲಿಗೆ ಐತೇನು?" ಎಂದ. ಹೀಗಾಗಿ ಚಂದನಾ ಬಲಗೈಯಲ್ಲಿ ಉಂಡು, ಎಡಗೈಯಲ್ಲಿ ಬರೆದು ಬಿ.ಕಾಂ. ಮುಗಿಸಿದಳು. ಅದನ್ನು ನಾಗಲಿಂಗಮ್ಮ ಅರ್ಧ ಬೆಂದ ರೊಟ್ಟಿಯೆನ್ನುತ್ತಿದ್ದರು.

ಮಧ್ಯಾಹ್ನ ಮೂರರಿಂದ ಐದರವರೆಗೆ ಖಾನಾವಳಿಯ ಒಲೆ ಮಲಗುತ್ತದೆ. ಆ ಹೊತ್ತಿಗೆ ಚಂದನಾ ಹಿತ್ತಲಿನ ಕಟ್ಟೆಯ ಮೇಲೆ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುವಳು. ಬೆರಳು ಬಿಸಿನೀರಿನಲ್ಲಿ ಅದ್ದಿ, ಉಗುರಿನ ಬುಡದ ಚರ್ಮವನ್ನು ಹಿಂದಕ್ಕೆ ಒತ್ತಿ, ಒರೆಸಿ ಒಣಗಿಸಬೇಕು. ಸುತ್ತಲಿನ ಚರ್ಮಕ್ಕೆ ತುಸು ವ್ಯಾಸಲಿನ್. ಕುಂಚವನ್ನು ಸೀಸೆಯ ಕುತ್ತಿಗೆಗೆ ಒತ್ತಿ ಹೆಚ್ಚಿನ ಬಣ್ಣ ಇಳಿಸಬೇಕು. ಆಮೇಲೆ ಮೂರೇ ಗೆರೆ: ನಡುವೆ ಒಂದು, ಎರಡು ಪಕ್ಕಕ್ಕೆ ಒಂದೊಂದು. ಎರಡು ನಿಮಿಷ ತಡೆದು ಕೈಯನ್ನು ತಣ್ಣೀರಿನಲ್ಲಿ ಮುಳುಗಿಸಿದರೆ ಬಣ್ಣ ಕೂತುಬಿಡುತ್ತದೆ. ಎಡಗೈಯಲ್ಲಿ ಕುಂಚ ಹಿಡಿದು ಬಲಗೈಯ ಐದು ಉಗುರುಗಳನ್ನು ಆಕೆ ನಾಲ್ಕು ನಿಮಿಷದಲ್ಲಿ ಮುಗಿಸುವಳು. ಒಂದು ಗೆರೆಯೂ ಹೊರಗೆ ಹೋಗದು. ಕುಂಚ ಬಲಗೈಗೆ ಬಂತೋ, ಅದೇ ಕೆಲಸಕ್ಕೆ ಅರ್ಧ ಗಂಟೆ. ಗೆರೆ ನಡುಗುವುದು, ಬಣ್ಣ ಚರ್ಮದ ಮೇಲೆ ಹರಿಯುವುದು, ಹತ್ತಿಯಿಂದ ಒರೆಸಿ ಮತ್ತೆ ಮೊದಲು ಮಾಡುವುದು.

"ರೊಟ್ಟಿ ಬಡಿಯೋ ಕೈಗೆ ಬಣ್ಣ ಯಾಕ ಬೇಕಲೇ?" ಎಂದು ನಾಗಲಿಂಗಮ್ಮ ದಿನವೂ ಕೇಳುವರು. "ಹಿಟ್ಟಿನಾಗ ಚಕ್ಕಿ ಬಿದ್ರ ಉಣ್ಣೋರು ಎಲಿ ಬಿಟ್ಟು ಏಳ್ತಾರ."

"ರೊಟ್ಟಿ ಬಡಿಯೂ ಮುಂದ ತೆಗೀತೀನಲ್ಲಜ್ಜಿ. ಯಾವತ್ತರ ಬಿದ್ದೈತೇನು?"

"ಬೀಳೋತನಕ ಕಾಯಬೇಕೇನು? ಅದೂ ಎಡಗೈಲೆ ಹಚ್ಚೋದು. ನೋಡಿದೋರು ಏನಂತಾರ?"

"ಮುಂಜಾನಿ ಪೂಜಿಯೊಳಗ ಇಷ್ಟಲಿಂಗ ನಿನ್ನ ಯಾವ ಕೈಯಾಗ ಕುಂದ್ರತೈತಜ್ಜಿ? ಎಡಗೈಯಾಗಲ್ಲ? ಶಿವಗ ನಡೀತೈತಿ, ಬಣ್ಣದ ಬಾಟ್ಲಿಗೆ ನಡಿಯಂಗಿಲ್ಲಾ?"

"ಶೈಲಾ!" ನಾಗಲಿಂಗಮ್ಮ ಸೊಸೆಯನ್ನು ಕೂಗಿದರು. "ನಿನ್ನ ಮಗಳ ಬಾಯಿಗೆ ಸ್ವಲ್ಪ ಬಣ್ಣ ಹಚ್ಚು, ಮುಚ್ಚಿಕೊಳ್ಳಲಿ."

ಶೈಲಾ ಬೇಳೆ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಇಬ್ಬರೂ ಒಂದೊಂದ ಸೇರು ಹಿಟ್ಟು ನಾದ್ರಿ, ಬಾಯಿ ತಾನ ಮುಚ್ಚತೈತಿ," ಎಂದಳು.

ಭಾದ್ರಪದದಲ್ಲಿ ಹರಪನಹಳ್ಳಿಯಿಂದ ಸಂಬಂಧ ಬಂತು. ಹುಡುಗ ಗುರುಬಸವರಾಜ, ಬಸ್‌ ನಿಲ್ದಾಣದ ಬಳಿ ಬಣ್ಣ ಮತ್ತು ಪೈಪುಗಳ ಅಂಗಡಿ ಇಟ್ಟವನು. ತಾಯಿಯಿಲ್ಲದ ಅವನನ್ನು ಸಾಕಿದವಳು ಸೋದರತ್ತೆ ಗೀತಮ್ಮ. ಮಧ್ಯಸ್ಥನಾದ ಕೊಟ್ರಸ್ವಾಮಿ ಮೊದಲೇ ಕಿವಿಮಾತು ಹೇಳಿದ್ದ: "ಹುಡುಗ ಬೆಣ್ಣಿಯಂಥೋನು. ಅತ್ತಿ ಮಾತ್ರ ಕಡ್ಡಿ ಮುರಿದ್ಹಂಗ. ಹಿಂದ ಒಂದ ಕನ್ಯೆ ಆರತಿ ತಟ್ಟಿ ಎಡಗೈಲೆ ಹಿಡಿದ್ಲಂತ ಎದ್ದು ಬಂದಾಳ."

ಅಂದು ರಾತ್ರಿ ಊಟದ ಹೊತ್ತಿನಲ್ಲಿ ಮನೆಯಲ್ಲಿ ಅದೇ ಚರ್ಚೆ.

"ಮೊದಲ ಹೇಳಿಬಿಡೋಣ," ಎಂದ ಗುರುಸಂಗಪ್ಪ. "ಆಮ್ಯಾಲೆ ಗೊತ್ತಾದ್ರ ಮರ್ಯಾದಿ ಹೋಗತೈತಿ."

"ಹೇಳಾಕ ಅದೇನು ಕುಷ್ಠರೋಗನ?" ನಾಗಲಿಂಗಮ್ಮ ತಟ್ಟೆಯನ್ನು ಸರಿಸಿದರು. "ಉಣ್ಣೋದು ಬಲಗೈಲೆ, ಬಡಿಸೋದು ಬಲಗೈಲೆ. ಪೆನ್ನು ಹಿಡಿಯೋದು ಯಾರು ನೋಡ್ತಾರ? ಕೇಳಿದ್ರ ಹೇಳು. ಕೇಳೋಹಂಗ ಮಾಡಬ್ಯಾಡ."

"ನೀ ಏನಂತೀ?" ಎಂದು ಶೈಲಾ ಮಗಳನ್ನು ಕೇಳಿದಳು.

ಮುಂದಿನ ವಾರ ಗುರುಬಸವರಾಜ ಸೋದರತ್ತೆಯೊಂದಿಗೆ ನೋಡಲು ಬಂದು ಹಿತ್ತಲಿನಲ್ಲಿ ಹತ್ತು ನಿಮಿಷ ಮಾತನಾಡಿದ ಮೇಲೆ ಚಂದನಾ ಉತ್ತರಿಸಿದಳು. ಆತ ಆಕೆಯ ಬಲಗೈಯ ಉಗುರುಗಳನ್ನು ನೋಡಿ, "ನೀವ ಹಚ್ಕೊಂಡಿದ್ದಾ? ಅಂಗಡ್ಯಾಗ ಬಣ್ಣ ಮಾರೋ ನನಗ ಇಷ್ಟು ನೀಟಾಗಿ ಬರಲ್ಲ," ಎಂದು ನಕ್ಕಿದ್ದ. "ಅಂಗಡಿ ಮ್ಯಾಲೆ ಒಂದು ಕೋಣಿ ಖಾಲಿ ಐತಿ. ಲಗ್ನಾದ ಮ್ಯಾಲೆ ಅಲ್ಲೊಂದು ಪಾರ್ಲರ್ ಹಾಕ್ರಿ. ಬೋರ್ಡು ನಾ ಬರಸ್ತೀನಿ," ಎಂದಿದ್ದ.

"ಅಜ್ಜಿ ಹೇಳಿದ್ಹಂಗ ಆಗ್ಲಿ," ಎಂದಳು ಚಂದನಾ. "ಕೇಳಿದ್ರ ಹೇಳೋಣ."

ಆ ಮೊದಲ ಭೇಟಿಯಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು. ಚಂದನಾ ಬಲಗೈಯಿಂದ ಹೋಳಿಗೆ ಬಡಿಸಿದಳು, ಬಲಗೈಯಿಂದ ತುಪ್ಪ ಹಾಕಿದಳು. ಗೀತಮ್ಮ ಕೈ ತೊಳೆದು ತಿರುಗಿದವಳು ಗೋಡೆಯ ಮೇಲಿನ ಚೌಕಟ್ಟನ್ನು ನೋಡಿದಳು.

"ಇದ್ಯಾರದ್ರಿ?"

"ನಂದು," ಎಂದರು ನಾಗಲಿಂಗಮ್ಮ. "ಹನ್ನೊಂದು ವರ್ಷದಾಕಿದ್ದೆ. ಕೈಬರಹಕ್ಕ ಮೊದಲನೇ ಬಹುಮಾನ."

"ಹೌದೇನ್ರಿ! ಅಷ್ಟು ಚಂದ ಬರೀತಿದ್ರ್ಯಾ?"

"ಹ್ಞೂಂ. ಬರೀತಿದ್ದೆ."

ಕಥೆ ಅಲ್ಲಿಗೆ ನಿಂತಿತು. ಕಟ್ಟಿದ ಕೈಯೂ ಇಲ್ಲ, ಮೂರು ತಿಂಗಳೂ ಇಲ್ಲ, ಹಟವೂ ಇಲ್ಲ. ಬಾಗಿಲ ಬಳಿ ತಂಬಿಗೆ ಹಿಡಿದು ನಿಂತಿದ್ದ ಚಂದನಾ ಕೊನೆಯ ವಾಕ್ಯಕ್ಕಾಗಿ ತುಟಿ ತೆರೆದು ಹಾಗೆಯೇ ಮುಚ್ಚಿಕೊಂಡಳು.

ಹದಿನೈದು ದಿನಕ್ಕೆ ಉಡಿ ತುಂಬಿ ಲಗ್ನ ನಿಶ್ಚಯಿಸುವುದೆಂದು ಗೊತ್ತಾಯಿತು. ಗೀತಮ್ಮ ಮುಂದಾಗಿಯೇ ಸೀರೆಯನ್ನು ಕಳಿಸಿದಳು. ಕುಂಕುಮ ಬಣ್ಣದ ಸೀರೆ, ಅದರ ಜೊತೆ ಅದೇ ಬಣ್ಣದ ಒಂದು ಪುಟ್ಟ ಸೀಸೆ ಉಗುರು ಬಣ್ಣ. 'ಗುರುಬಸು ತಂದಾನ, ಹಚ್ಕೊಳ್ಳಿ ಹುಡುಗಿ' ಎಂದು ಫೋನಿನಲ್ಲಿ ಹೇಳಿದಳು.

ಚಂದನಾ ಸೀಸೆಯನ್ನು ಅಜ್ಜಿಯ ಮುಂದೆ ಹಿಡಿದಳು. "ಈಗೇನಂತೀ? ಬೀಗರ ಮನಿಯಿಂದ ಬಂದೈತಿ."

"ಅವರ ಮನಿ ಬಣ್ಣ, ಅವರ ಮನಿಗೆ ಹೋಗೋ ಕೈ. ನನಗೇನು?" ಎಂದು ನಾಗಲಿಂಗಮ್ಮ ಎದ್ದು ಹೋದರು.

ಗೀತಮ್ಮ ಒಳ್ಳೆಯ ದಿನವೆಂದು ಆರಿಸಿದ್ದು ಸೋಮವಾರವನ್ನು. ಕೊಟ್ಟೂರಿನಲ್ಲಿ ಸೋಮವಾರವೆಂದರೆ ದೇವರ ವಾರ, ಖಾನಾವಳಿಯಲ್ಲಿ ಎಲೆ ಹಾಸಿದಷ್ಟೂ ಜನ. ಅಂದೇ ರೊಟ್ಟಿ ಬಡಿಯುವ ಎರ್ರಮ್ಮ ಜ್ವರವೆಂದು ಹೇಳಿ ಕಳಿಸಿದಳು. ಅಂಗಡಿ ಮುಚ್ಚೋಣವೆಂದು ಗುರುಸಂಗಪ್ಪ ಅಂದರೆ, "ದೇವರಿಗಿ ಬಂದೋರ್ನ ಉಪಾಸ ಕಳಸೋ ಮನಿ ಅಲ್ಲ ಇದು," ಎಂದರು ನಾಗಲಿಂಗಮ್ಮ. ಹೀಗಾಗಿ ಉಡಿ ತುಂಬಿಸಿಕೊಳ್ಳಬೇಕಾದ ಹುಡುಗಿ ಹನ್ನೊಂದು ಗಂಟೆಯವರೆಗೆ ಜೋಳದ ಹಿಟ್ಟಿನಲ್ಲಿ ಮೊಳಕೈವರೆಗೆ ಮುಳುಗಿದ್ದಳು. ಹರಪನಹಳ್ಳಿಯವರ ಕಾರು ಊರ ಹೊರಗೆ ಬಂತೆಂದು ಫೋನು ಬಂದಾಗ ಆಕೆ ಕೈ ತೊಳೆದು, ಸೀರೆಯುಟ್ಟು, ಸೀಸೆ ತೆರೆದಳು.

ಬಲಗೈ ನಾಲ್ಕು ನಿಮಿಷದಲ್ಲಿ ಮುಗಿಯಿತು. ಉಗುರುಗಳು ಕುಂಕುಮದ ಹನಿಗಳಂತೆ ಕೂತವು.

"ಅಮ್ಮಾ, ಎಡಗೈಗೆ ನೀ ಹಚ್ಚು."

"ಒಗ್ಗರಣಿ ಹೊತ್ತೈತಲೇ! ನನ್ನ ಕೈ ನೋಡು, ಖಾರ ಆಗೈತಿ."

ನಾಗಲಿಂಗಮ್ಮ ದೇವರ ಕೋಣೆಯ ಹೊಸ್ತಿಲಲ್ಲಿ ಸುಮ್ಮನೆ ಕುಳಿತಿದ್ದರು. ಚಂದನಾ ಅವರ ಮುಂದೆ ಎಡಗೈ ಚಾಚಿದಳು.

"ಅಜ್ಜೀ, ಐದ ಉಗುರು. ನಿನ್ನ ಕೈ ನಡುಗಂಗಿಲ್ಲ. ಒಂದ ಸಲ ಹಚ್ಚು."

"ಈ ಕೈ ವಿಭೂತಿ ಹಚ್ಚತೈತಿ. ಬಣ್ಣ ಹಚ್ಚಂಗಿಲ್ಲ."

"ಬರಾಕ ಹತ್ಯಾರಜ್ಜಿ."

"ಒರಿಸಿ ಬಿಡು ಎರಡನ್ನೂ. ಬರೇ ಕೈಲೆ ಲಗ್ನ ಆಗಿಲ್ಲೇನು ನಾವು?"

ಒರೆಸಿದರೆ ಬೀಗರು ಕೊಟ್ಟದ್ದನ್ನು ಬೇಡವೆಂದಂತೆ. ಚಂದನಾ ಕುಂಚವನ್ನು ಬಲಗೈಗೆ ಕೊಟ್ಟಳು. ಹೆಬ್ಬೆರಳಿನಲ್ಲಿ ಗೆರೆ ಓರೆಯಾಯಿತು. ನಡುಬೆರಳಿನಲ್ಲಿ ಬಣ್ಣ ಬದಿಗೆ ಹರಿಯಿತು. ಕಿರುಬೆರಳನ್ನು ಹಚ್ಚುವಾಗ ಹೊರಗೆ ಕಾರಿನ ಬಾಗಿಲು ಸದ್ದಾಯಿತು. ಒರೆಸಲು ಹೊತ್ತಿರಲಿಲ್ಲ.

ಮಣೆಯ ಮೇಲೆ ಕುಳ್ಳಿರಿಸಿ, ಅರಿಸಿನ ಕುಂಕುಮ ಕೊಟ್ಟು, ಬಳೆ ತೊಡಿಸಲೆಂದು ಗೀತಮ್ಮ ಹುಡುಗಿಯ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬಲಗೈಯನ್ನು ನೋಡಿದಳು. ಎಡಗೈಯನ್ನು ನೋಡಿದಳು. ಮತ್ತೆ ಬಲಗೈಯನ್ನು ನೋಡಿದಳು.

"ಯಾರು ಹಚ್ಚಿದ್ದವ್ವಾ ಬಣ್ಣ?"

"ನಾನ ಹಚ್ಕೊಂಡೇನ್ರಿ."

"ನೀನ? ನಾವೂ ಹಚ್ಕೊಂಡೀವಿ ಬಿಡು ವಯಸ್ಸಿನಾಗ. ನಮ್ದು ಯಾವಾಗ್ಲೂ ಬಲಗೈ ಕೆಡ್ತಿತ್ತು." ಗೀತಮ್ಮ ನಗುತ್ತಲೇ ಇದ್ದಳು. "ನಿಂದು ಎಡಗೈ ಕೆಟ್ಟೈತಲ್ಲ?"

ಗುರುಸಂಗಪ್ಪ ಬಾಯಿ ತೆರೆಯುವಷ್ಟರಲ್ಲಿ ನಾಗಲಿಂಗಮ್ಮ ಮುಂದೆ ಬಂದರು.

"ಬಲಗೈಗೆ ನಾ ಹಚ್ಚಿದ್ನವ್ವಾ. ಎಡಗೈಗೆ ಆಕಿ ಅವಸರದಾಗ ಬಳ್ಕೊಂಡಾಳ."

ಚಂದನಾ ಅಜ್ಜಿಯನ್ನು ತಿರುಗಿ ನೋಡಿದಳು.

"ಹಂಗೇನು? ಮತ್ತ ಈ ಕೈದೂ ನೀವ ಸರಿ ಮಾಡ್ರಿ, ಹಿರೇರು ಇದ್ದೀರಿ," ಎಂದಳು ಗೀತಮ್ಮ. "ಹಿಂಗ ಕೆಟ್ಟ ಕೈಗೆ ಬಳಿ ತೊಡಸಬಾರದು."

ಶೈಲಾ ಹತ್ತಿ ಮತ್ತು ಸೀಸೆ ತಂದಿಟ್ಟಳು. ಕೆಟ್ಟ ಬಣ್ಣವನ್ನು ಒರೆಸಿದ್ದಾಯಿತು. ನಾಗಲಿಂಗಮ್ಮ ಮೊಮ್ಮಗಳ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತರು. ಮುಚ್ಚಳ ತಿರುವಿದರು. ಉಣ್ಣುವುದನ್ನು ಬಲಗೈಗೆ ಕಲಿಸಲಾಗಿತ್ತು, ಬರೆಯುವುದನ್ನು ಕಲಿಸಲಾಗಿತ್ತು, ವಿಭೂತಿ ಹಚ್ಚುವುದನ್ನು ಕಲಿಸಲಾಗಿತ್ತು. ಇಷ್ಟು ಸಣ್ಣ ಕುಂಚವನ್ನು ಹಿಡಿಯುವುದನ್ನು ಯಾರೂ ಕಲಿಸಿರಲಿಲ್ಲ. ಅದು ನೇರವಾಗಿ ಎಡಗೈಗೆ ಹೋಯಿತು.

ನಾಗಲಿಂಗಮ್ಮನವರಿಗೆ ಅದು ತಿಳಿಯಲಿಲ್ಲ. ಉಂಗುರದ ಬೆರಳನ್ನು ಬಲಗೈಯಲ್ಲಿ ಹಿಡಿದು ಕಣ್ಣು ಕಿರಿದು ಮಾಡಿ ಬಗ್ಗಿದರು. ನಡುವೆ ಒಂದು ಗೆರೆ. ಆ ಪಕ್ಕಕ್ಕೆ ಒಂದು. ಈ ಪಕ್ಕಕ್ಕೆ ಒಂದು. ಒಂದು ಕೂದಲೆಳೆಯಷ್ಟೂ ಹೊರಗೆ ಹೋಗಲಿಲ್ಲ. ಮುಂದಿನ ಬೆರಳಿಗೆ ಹೋಗುವಾಗ ಮನೆಯೆಲ್ಲ ತಮ್ಮ ಕೈಯನ್ನೇ ನೋಡುತ್ತಿರುವುದು ಕಂಡಿತು. ಆಗ ಅವರೂ ನೋಡಿಕೊಂಡರು.

ಕುಂಚ ಸೀಸೆಗೆ ಮರಳಿತು.

"ಎಷ್ಟು ಚಂದ ಬಂತಲ್ರಿ," ಎಂದಳು ಗೀತಮ್ಮ. ಬಾಗಿಲಾಚೆ ಗಲ್ಲಾದ ಗೋಡೆಯ ಮೇಲಿನ ಚೌಕಟ್ಟನ್ನು ಒಮ್ಮೆ ನೋಡಿ, ಹಸಿರು ಬಳೆಗಳನ್ನು ಕಾಗದದಲ್ಲಿ ಸುತ್ತಿ ಚೀಲದೊಳಗೆ ಇಟ್ಟುಕೊಂಡಳು. "ಈ ಬಳಿ ಅಳತಿ ಆಗಂಗಿಲ್ಲ ಅನಸ್ತೈತಿ. ಬ್ಯಾರೆ ತರೋಣ."

ಅವರು ಉಂಡೇ ಹೋದರು. ಹೋಳಿಗೆ ಚೆನ್ನಾಗಿತ್ತೆಂದೂ ಹೇಳಿದರು. ಮೂರನೆಯ ದಿನ ಕೊಟ್ರಸ್ವಾಮಿ ಬಂದು ಗಲ್ಲಾದ ಮುಂದೆ ನಿಂತ.

"ಈ ವರ್ಷ ಹುಡುಗಗ ಗುರುಬಲ ಇಲ್ಲಂತ. ಮುಂದಿನ ವರ್ಷ ನೋಡೋಣ ಅಂದ್ರು."

"ಸೀದಾ ಹೇಳೋ ಮಾರಾಯ," ಎಂದ ಗುರುಸಂಗಪ್ಪ.

"ಅಜ್ಜಿಗೂ ಐತಿ, ಮೊಮ್ಮಗಳಿಗೂ ಐತಿ, ನಾಳಿ ಹುಟ್ಟೋದಕ್ಕೂ ಬರತೈತಿ ಅಂದ್ಳು ಅತ್ತಿ. ಎಡಗೈಗಿಂತ ಸುಳ್ಳು ಹೇಳಿದ್ದು ದೊಡ್ಡದು ಅಂತಾನೂ ಅಂದ್ಳು."

ಗುರುಬಸವರಾಜನಿಂದ ಚಂದನಾಳ ಫೋನಿಗೆ ಒಂದೇ ಸಾಲು ಬಂತು: ಅತ್ತೆಯ ಮಾತು ಮೀರಲು ಆಗುವುದಿಲ್ಲ. 'ಬಾಟ್ಲಿ ವಾಪಸ್ ಕಳಸ್ಲೇನು?' ಎಂದು ಆಕೆ ಕೇಳಿದಳು. 'ಇಟ್ಕೋರಿ' ಎಂದು ಆತ ಬರೆದ. ಸೀರೆಯನ್ನು ಮಾತ್ರ ಕೊಟ್ರಸ್ವಾಮಿ ಒಯ್ದ.

ಅಂದು ರಾತ್ರಿ ಊಟಕ್ಕೆ ಕುಳಿತಾಗಲೇ ಜಗಳ ಎದ್ದಿತು.

"ನಿನಗ ಯಾರು ಹೇಳಿದ್ರವ್ವಾ ನಡುವ ಬಾಯಿ ಹಾಕು ಅಂತ?" ಗುರುಸಂಗಪ್ಪ ತಾಯಿಯ ಮೇಲೆ ಹರಿಹಾಯ್ದ. "ಹೌದು, ಎಡಚಿ ಅಂತ ನಾ ಹೇಳಾಂವಿದ್ದೆ."

"ಹೇಳಿದ್ರ ಆಗತಿತ್ತೇನು ಲಗ್ನ?"

"ಆಗದಿದ್ರ ಮರ್ಯಾದಿ ಆದ್ರೂ ಉಳೀತಿತ್ತು!"

"ಅವತ್ತ ಆಕಿ ಕೈ ಚಾಚಿ ಕೇಳಿದ್ಲಲ್ರಿ ಅತ್ತೀ," ಎಂದಳು ಶೈಲಾ, ಎಂದೂ ಅತ್ತೆಗೆ ಎದುರಾಡದವಳು. "ಐದ ಉಗುರು. ಆವಾಗ ಹಚ್ಚಿದ್ರ ಇಷ್ಟೆಲ್ಲ ಆಗತಿತ್ತೇನು? ಆವಾಗ ವಿಭೂತಿ ಕೈ. ಬೀಗರ ಮುಂದ ಬಣ್ಣದ ಕೈ."

"ಅದೂ ಅಷ್ಟು ನೀಟಾಗಿ!" ಗುರುಸಂಗಪ್ಪ ಕಹಿಯಾಗಿ ನಕ್ಕ. "ಎಲ್ಲಿ ಕಲ್ತೆವ್ವಾ ಅದನ್ನ?"

"ಕಲೀಲಿಲ್ಲ." ನಾಗಲಿಂಗಮ್ಮನವರ ದನಿ ಏರಿತು. "ಕಲೀಲಿಲ್ಲೋ ನಾನು. ಗುಡೇಕೋಟಿಯಾಗ ನಮ್ಮ ಓಣಿ ತುಂಬ ರಂಗೋಲಿ ಬಿಡ್ತಿತ್ತು ಈ ಕೈ. ನೂರೆಂಟು ಚುಕ್ಕಿ, ಒಂದ ಎಳಿ ತಪ್ಪತಿರಲಿಲ್ಲ. ದಾಟಿ ಹೋಗೋ ಮಂದಿ ನಿಂತು ನೋಡತಿದ್ರು."

ಮೂವರೂ ಅವರನ್ನು ನೋಡಿದರು. ಐವತ್ತೈದು ವರ್ಷಗಳಿಂದ ಆ ಮನೆಯ ಅಂಗಳದಲ್ಲಿ ನಾಗಲಿಂಗಮ್ಮ ಒಂದು ಎಳೆ ರಂಗೋಲಿ ಹಾಕಿದವರಲ್ಲ. ಮಂಡಿ ನೋವೆನ್ನುತ್ತಿದ್ದರು. ಸೊಸೆ ಬರುವ ಮುನ್ನ ಕಸ ಗುಡಿಸುವವಳು ಹಾಕುತ್ತಿದ್ದಳು, ಬಂದ ಮೇಲೆ ಶೈಲಾ.

ನಾಗಲಿಂಗಮ್ಮ ಅರ್ಧ ಉಂಡ ತಟ್ಟೆ ಬಿಟ್ಟು ಎದ್ದರು. ಯಾರೂ ಕೂಡ್ರಿ ಎನ್ನಲಿಲ್ಲ.

ಮರುದಿನದಿಂದ ಚಂದನಾ ಎಡಗೈಯಲ್ಲಿ ಉಣ್ಣತೊಡಗಿದಳು. ಇಪ್ಪತ್ತು ವರ್ಷ ಬಿಟ್ಟಿದ್ದ ರೂಢಿ. ಸಾರು ಮೊಣಕೈಗೆ ಸೋರಿತು. ಆದರೂ ಬಿಡಲಿಲ್ಲ. ಖಾನಾವಳಿಯ ಹಲಗೆಯ ಮೇಲೆ ಅಂದಂದಿನ ಪಲ್ಯದ ಹೆಸರನ್ನು ಎಲ್ಲರೆದುರಿಗೆ ಎಡಗೈಯಲ್ಲಿ ಬರೆದಳು. ಒಂದು ಸೋಮವಾರ ಎಡಗೈಯಲ್ಲಿ ರೊಟ್ಟಿ ನೀಡಿದಾಗ ಕಾನಹೊಸಹಳ್ಳಿಯ ಹಿರಿಯನೊಬ್ಬ ಎಲೆಯ ಮೇಲೆ ಕೈ ಅಡ್ಡ ಹಿಡಿದ.

"ಆ ಕೈಲೆ ಬ್ಯಾಡವ್ವಾ."

"ಬಡಿದಿದ್ದೂ ಇದ ಕೈರೀ ಯಜಮಾನ್ರ. ಎರಡೂ ಕೈ ಕೂಡೇ ಬಡೀತೀವಿ."

ಗುರುಸಂಗಪ್ಪ ಗಲ್ಲಾದಿಂದ ಎದ್ದು ಬಂದು ಮಗಳ ಕೈಯಿಂದ ಬುಟ್ಟಿ ಕಿತ್ತುಕೊಂಡ. "ಒಳಗ ನಡಿ! ಇದ್ದ ಗಿರಾಕೀನೂ ಓಡಸ್ತಿಯೇನು?"

"ಪೆನ್ನಿಗೆ ಮಡಿ ಇಲ್ಲಂದಿ. ರೊಟ್ಟಿಗೆ ಐತೇನಪ್ಪಾ?"

ಕೆನ್ನೆಗೆ ಬೀಳಬೇಕಿದ್ದ ಏಟು ಜನರೆದುರಿಗೆ ಗಾಳಿಯಲ್ಲಿ ನಿಂತಿತು. ಅಂದಿನಿಂದ ಚಂದನಾ ಬಡಿಸಲು ಹೊರಗೆ ಬರಲಿಲ್ಲ. ಅಪ್ಪ ಮಗಳು ಮಾತಾಡುವುದಿದ್ದರೆ ಶೈಲಾಳ ಮೂಲಕ ಆಡಿದರು.

ಇಷ್ಟಾದರೂ ನಾಗಲಿಂಗಮ್ಮ ಒಂದು ಮಾತು ಎತ್ತಲಿಲ್ಲ. ಚೌಕಟ್ಟನ್ನು ನೋಡಿ ಯಾರಾದರೂ ಕೇಳಿದರೆ ಈಗ ಹೊರಗೆ ಬರುತ್ತಿರಲಿಲ್ಲ. ದೀಪಾವಳಿಗೆ ಸುಣ್ಣ ಹೊಡೆಯಲೆಂದು ಗುರುಸಂಗಪ್ಪ ಅದನ್ನು ಇಳಿಸಿದ. ಸುಣ್ಣ ಒಣಗಿ ವಾರ ಕಳೆದರೂ ಮೊಳೆ ಬರಿದಾಗಿಯೇ ಇತ್ತು.

ಚಂದನಾ ಬಲಗೈಯ ಐದು ಉಗುರುಗಳ ಬಣ್ಣವನ್ನು ಅಂದೇ ತೆಗೆದಿದ್ದಳು. ಎಡಗೈ ಉಂಗುರದ ಬೆರಳಿಗೆ ಅಜ್ಜಿ ಹಚ್ಚಿದ್ದನ್ನು ತೆಗೆದಿರಲಿಲ್ಲ. ವಾರ ಕಳೆದಂತೆ ಉಗುರು ಬೆಳೆದು ಬುಡದಲ್ಲಿ ಬಿಳಿಯ ಅಂಚು ಕಾಣಿಸಿತು. ದೀಪಾವಳಿ ಮುಗಿಯುವ ಹೊತ್ತಿಗೆ ಕುಂಕುಮ ಬಣ್ಣ ಅರ್ಧಕ್ಕೆ ಏರಿತ್ತು. ಆ ಅರ್ಧವೂ ಒಡೆದಿರಲಿಲ್ಲ.

ಒಂದು ಮಧ್ಯಾಹ್ನ ಮೂರು ಗಂಟೆಯ ಬಿಡುವಿನಲ್ಲಿ ಆಕೆ ಹಿಟ್ಟಿನ ಡಬ್ಬಿಯ ಹಿಂದಿನಿಂದ ಚೌಕಟ್ಟನ್ನು ಎಳೆದು ತಂದಳು. ಅಜ್ಜಿ ಹಿತ್ತಲಿನ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಚಂದನಾ ಪಕ್ಕದಲ್ಲಿ ಕುಳಿತು ಗಾಜಿನ ಮೇಲಿನ ಹಿಟ್ಟನ್ನು ಒರೆಸಿದಳು.

"ತೂಗಿ ಹಾಕಬ್ಯಾಡ ಅದನ್ನ," ಎಂದರು ನಾಗಲಿಂಗಮ್ಮ.

"ಹಾಕಂಗಿಲ್ಲ. ಓದಾಕತ್ತೀನಿ."

"ಓದಿದ್ದ ಎಷ್ಟ ಸಲ ಓದ್ತೀ?"

"ಹರಪನಹಳ್ಳಿ ಕೋಣಿಗೆ ಹೆಸರು ಹುಡಿಕಿಟ್ಟಿದ್ದೆ ಅಜ್ಜಿ. ಬೋರ್ಡಿಗೆ." ಚಂದನಾಳ ದನಿಯಲ್ಲಿ ಅಳುವಿರಲಿಲ್ಲ. "ಐದ ಉಗುರಿಗೆ ಹೋತು."

ನಾಗಲಿಂಗಮ್ಮ ಕಾಯಿ ಒಡೆಯುವುದನ್ನು ನಿಲ್ಲಿಸಲಿಲ್ಲ. ಸಿಪ್ಪೆ ಬಲಗಡೆ, ಬೀಜ ಎಡಗಡೆ. ಎಡ ಮುಂಗೈಯ ಮೇಲೆ, ಬಳೆಗಳ ಕೆಳಗೆ, ಚರ್ಮ ಒಂದು ಸುತ್ತು ಬೆಳ್ಳಗೆ ನುಣುಪಾಗಿತ್ತು. ಅದು ಬಳೆಯ ಗುರುತೆಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಚಂದನಾ ಅಜ್ಜಿಯ ಬಳೆಗಳನ್ನು ಮೇಲಕ್ಕೆ ಸರಿಸಿ ಆ ಗುರುತಿನ ಮೇಲೆ ಬೆರಳಿಟ್ಟಳು. ಅಜ್ಜಿ ಕೈ ಎಳೆದುಕೊಂಡರು.

"ಒಂದ ದಿನ ಅತ್ತಿಲ್ಲ ಅಂತಿದ್ದೆಲ್ಲ?"

"ಅತ್ತಿಲ್ಲ."

"ಸುಳ್ಳು."

ಹಿತ್ತಲಿನಲ್ಲಿ ಕಾಯಿ ಒಡೆಯುವ ಸದ್ದು ನಿಂತಿತು.

"ಅಜ್ಜೀ," ಎಂದಳು ಚಂದನಾ, "ಆ ಕಥಿ ಇನ್ನೊಮ್ಮಿ ಹೇಳು. ಬಹುಮಾನದಿಂದ ಬ್ಯಾಡ. ರಂಗೋಲಿಯಿಂದ ಹೇಳು."